ಆಮದು ಔಷಧಿ ಮತ್ತು ವ್ಯಾಪಾರ ರಹಸ್ಯ: ಒಂದು ಮೊಕದ್ದಮೆಯ ಅಧ್ಯಯನ

ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್‌ಗಳ ವಿಷಯ ನಮ್ಮ ವರ್ತಕ ಬಂಧುಗಳಿಗೆ ಹೊಸತೇನಲ್ಲ. ವಿದೇಶೀ ಉತ್ಪಾದಕನೊಡನೆ ಕರಾರು ಮಾಡಿಕೊಳ್ಳುವ ಮುನ್ನ ವಕೀಲರ ಮೂಲಕ ಸಂಬಂಧಪಟ್ಟ ಕಚೇರಿಯ ದಾಖಲೆಗಳನ್ನು ಪರಿಶೀಲಿಸುವ ಪರಿಪಾಠ ಅನೇಕರಲ್ಲಿದೆ. ಆದರೆ ವ್ಯಾಪಾರ ರಹಸ್ಯಕ್ಕೆ ಅಂತಹ ದಫ್ತರವೇ ಇಲ್ಲ. ನೋಂದಣಿಯಾದರೆ ಅದು ರಹಸ್ಯವಾಗಿ ಉಳಿಯುವುದೂ ಇಲ್ಲ. ಹೀಗಾಗಿ ತಾನು ತರಿಸುತ್ತಿರುವ ಸರಕಿನ ತಯಾರಿಕೆಯಲ್ಲಿ ಮತ್ತೊಬ್ಬರಿಂದ ಅಪಹರಿಸಿದ ವಿದ್ಯೆ ಅಡಗಿದೆಯೇ ಎಂಬುದನ್ನು ಆಮದುದಾರನು ಯಾವ ಕಡತದಲ್ಲೂ ಹುಡುಕಿ ನೋಡಲಾರನು. ವೈದ್ಯಕೀಯ ಉತ್ಪನ್ನಗಳಲ್ಲಿ ಈ ತೊಡಕು ಹೆಚ್ಚು. ಅವುಗಳ ಬೆಲೆಯ ಬಹುಭಾಗ ವಸ್ತುವಿನಲ್ಲಿಲ್ಲ, ತಯಾರಿಸುವ ಕ್ರಮದಲ್ಲಿದೆ.

ಈ ತೊಡಕು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಬೊಟುಲಿನಮ್ ಟಾಕ್ಸಿನ್ ಕುರಿತ ಮೊಕದ್ದಮೆ ಉತ್ತಮ ನಿದರ್ಶನ. ಮುಖದ ಸುಕ್ಕು ನಿವಾರಣೆಗೆ ಚುಚ್ಚುಮದ್ದಾಗಿ ಬಳಸುವ ಈ ವಸ್ತು ಜನರಿಗೆ 'ಬೊಟಾಕ್ಸ್' ಎಂಬ ವ್ಯಾಪಾರನಾಮದಿಂದ ಪರಿಚಿತ. ಬೊಟಾಕ್ಸ್ ಅಮೆರಿಕದ ಅಲರ್ಗನ್ ಕಂಪನಿಯ ಉತ್ಪನ್ನ. ದಕ್ಷಿಣ ಕೊರಿಯಾದ ಮೆಡಿಟಾಕ್ಸ್ ಕಂಪನಿ 2006ರಲ್ಲಿ ತನ್ನದೇ ಉತ್ಪನ್ನಕ್ಕೆ ಅಲ್ಲಿ ಅನುಮತಿ ಪಡೆಯಿತು. ಅದೇ ದೇಶದ ಡೇವೂಂಗ್ ಕಂಪನಿ 2014ರಲ್ಲಿ 'ನಬೋಟಾ' ಎಂಬ ಹೆಸರಿನಲ್ಲಿ ಪೈಪೋಟಿಗಿಳಿಯಿತು. ಡೇವೂಂಗ್ ತಯಾರಿಸಿದ ಔಷಧಿಯನ್ನು ಅಮೆರಿಕಕ್ಕೆ ಆಮದು ಮಾಡಿ 'ಜುವೋ' ಎಂಬ ಹೆಸರಿನಲ್ಲಿ ಮಾರುವ ಹಕ್ಕು ಪಡೆದದ್ದು ಇವೋಲಸ್ ಎಂಬ ಕಂಪನಿ. ಅದಕ್ಕೆ ಮಾರಾಟಕ್ಕಿದ್ದ ಸರಕು ಇದೊಂದೇ.

2019ರ ಫೆಬ್ರವರಿ 1ರಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಜುವೋಗೆ ಅನುಮತಿ ನೀಡಿತು. ಅದಕ್ಕೆ ಎರಡು ದಿನ ಮೊದಲೇ ಮೆಡಿಟಾಕ್ಸ್ ಮತ್ತು ಅಲರ್ಗನ್ ಕಂಪನಿಗಳು ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಸಲ್ಲಿಸಿದ್ದವು. (ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂದಿದ್ದರೂ ಇದು ಅಮೆರಿಕ ಸರ್ಕಾರದ್ದೇ ಸಂಸ್ಥೆ.) ತಮ್ಮ ಬ್ಯಾಕ್ಟೀರಿಯಾ ತಳಿಯನ್ನೂ ತಯಾರಿಕಾ ವಿಧಾನವನ್ನೂ ಹಿಂದಿನ ನೌಕರನೊಬ್ಬನ ಮೂಲಕ ಡೇವೂಂಗ್ ಪಡೆದುಕೊಂಡಿತೆಂಬುದು ಮೆಡಿಟಾಕ್ಸ್‌ನ ಆರೋಪ. ತನ್ನ ತಳಿ ಕೊರಿಯಾದ ಮಣ್ಣಿನಲ್ಲೇ ದೊರೆತದ್ದೆಂದು ಡೇವೂಂಗ್ ವಾದಿಸಿತು. ವಿಚಾರಣೆಯಲ್ಲಿ ಎರಡೂ ತಳಿಗಳ ವಂಶವಾಹಿ ಅನುಕ್ರಮವನ್ನು ತಜ್ಞರು ಅಕ್ಷರಶಃ ಹೋಲಿಸಿ ನೋಡಿದರು.

ಇಬ್ಬರು ಕೊರಿಯನ್ನರ ನಡುವೆ ಕೊರಿಯಾದಲ್ಲೇ ನಡೆದುದೆನ್ನಲಾದ ಕಳವಿಗೆ ವಾಷಿಂಗ್‌ಟನ್ನಿನಲ್ಲೇಕೆ ವಿಚಾರಣೆ ಎಂಬ ಪ್ರಶ್ನೆ ಸಹಜ. ಅಮೆರಿಕದ 1930ರ ಸುಂಕ ಕಾಯ್ದೆಯ 337ನೇ ಕಲಮು ಆಮದಿನಲ್ಲಿ ನಡೆಯುವ ಅನುಚಿತ ಸ್ಪರ್ಧೆಯನ್ನು ನಿಷೇಧಿಸುತ್ತದೆ. ಇದರ ವ್ಯಾಪ್ತಿಯನ್ನು 2011ರ ಟಿಯಾನ್‌ರುಯಿ ಪ್ರಕರಣ ಸ್ಪಷ್ಟಪಡಿಸಿತು. ಅದು ಚೀನಾದ ರೈಲ್ವೆ ಗಾಲಿಗಳಿಗೆ ಸಂಬಂಧಿಸಿದ್ದು. ರಹಸ್ಯದ ಅಪಹರಣವೆಲ್ಲ ಚೀನಾದಲ್ಲೇ ನಡೆದಿದ್ದರೂ, ಅದರಿಂದ ತಯಾರಾದ ಸರಕು ಅಮೆರಿಕಕ್ಕೆ ಬಂದು ಅಲ್ಲಿನ ಉದ್ದಿಮೆಗೆ ಹಾನಿ ಮಾಡಿದರೆ ಆಯೋಗವು ಅದನ್ನು ತಡೆಯಬಹುದೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅಮೆರಿಕದ ಉದ್ದಿಮೆಗೆ ಹಾನಿಯಾಗಿದೆಯೆಂದು ತೋರಿಸಬೇಕಾದುದರಿಂದಲೇ ಅಲರ್ಗನ್ ಸಹ ದೂರುದಾರನಾಗಿ ನಿಲ್ಲುವುದು ಅಗತ್ಯವಾಯಿತು. ಅಮೆರಿಕಕ್ಕೆ ರಫ್ತು ಮಾಡುವ ನಮ್ಮ ಘಟಕಗಳಿಗೂ ಈ ಕಲಮು ಅನ್ವಯಿಸುತ್ತದೆ. ಪೀಣ್ಯದಲ್ಲಿ ನಡೆದ ಸಂಗತಿಗೆ ವಾಷಿಂಗ್‌ಟನ್ನಿನಲ್ಲಿ ಉತ್ತರ ಹೇಳಬೇಕಾದೀತು.

2020ರ ಜುಲೈನಲ್ಲಿ ಆಯೋಗದ ನ್ಯಾಯಾಧೀಶರು ಪ್ರಾಥಮಿಕ ನಿರ್ಣಯದಲ್ಲಿ 10 ವರ್ಷಗಳ ಆಮದು ನಿಷೇಧವನ್ನು ಶಿಫಾರಸು ಮಾಡಿದರು. ಡಿಸೆಂಬರ್ 16ರಂದು ಬಂದ ಆಯೋಗದ ಅಂತಿಮ ನಿರ್ಣಯದಲ್ಲಿ ಅದು 21 ತಿಂಗಳಿಗೆ ಇಳಿಯಿತು. ಈ ಇಳಿಕೆಯ ಕಾರಣ ನಮ್ಮ ಸಣ್ಣ ಉತ್ಪಾದಕರಿಗೆ ಮೊಕದ್ದಮೆಯ ಉಳಿದೆಲ್ಲ ಸಂಗತಿಗಳಿಗಿಂತ ಮುಖ್ಯವೆಂದು ಈ ಲೇಖಕನ ಅಭಿಪ್ರಾಯ. ಬ್ಯಾಕ್ಟೀರಿಯಾ ತಳಿಯನ್ನು ವ್ಯಾಪಾರ ರಹಸ್ಯವೆಂದು ಆಯೋಗ ಒಪ್ಪಲಿಲ್ಲ. ಅದರ ಮೂಲ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ. ಹಿಂದೆ ಸಂಶೋಧಕರ ನಡುವೆ ಕೈ ಬದಲಾಯಿಸಿದ್ದ ವಸ್ತು ಅದು. ರಹಸ್ಯವೆಂದು ಉಳಿದದ್ದು ತಯಾರಿಕಾ ವಿಧಾನ ಮಾತ್ರ. ಆ ವಿಧಾನವನ್ನು ಪ್ರಾಮಾಣಿಕವಾಗಿ ಸ್ವತಃ ರೂಪಿಸಿಕೊಳ್ಳಲು ಬೇಕಾಗುತ್ತಿದ್ದ ಕಾಲವೇ ನಿಷೇಧದ ಅವಧಿಗೆ ಆಧಾರವಾಯಿತು. ಕಾರ್ಖಾನೆಯಲ್ಲಿ ಅತ್ಯಮೂಲ್ಯವೆಂದು ನಾವು ಭಾವಿಸಿದ ವಸ್ತು ಒಮ್ಮೆ ಊರೆಲ್ಲ ಸುತ್ತಿ ಬಂದಿದ್ದರೆ ಕಾನೂನು ಅದನ್ನು ಕಾಪಾಡುವುದಿಲ್ಲ. ಯಾರೂ ಗಮನಿಸದ ಉಷ್ಣತೆ, ಸಮಯ, ಶುದ್ಧೀಕರಣದ ಹಂತಗಳ ಟಿಪ್ಪಣಿ ಪುಸ್ತಕವನ್ನು ಕಾಪಾಡಬಹುದು.

ಇನ್ನು ಆಮದುದಾರನ ಪಾಡು. ಆಯೋಗದ ಆದೇಶ ಗಡಿಯಲ್ಲಿ ಸರಕನ್ನು ತಡೆದುದಷ್ಟೇ ಅಲ್ಲ, ಆಗಲೇ ದೇಶದೊಳಗಿದ್ದ ದಾಸ್ತಾನನ್ನು ಇವೋಲಸ್ ಮಾರದಂತೆಯೂ ನಿರ್ಬಂಧಿಸಿತು. ಅಧ್ಯಕ್ಷರ ಪರಿಶೀಲನೆಗೆ ಮೀಸಲಾದ 60 ದಿನಗಳಲ್ಲಿ ಸೀಸೆಯೊಂದಕ್ಕೆ 441 ಡಾಲರ್ ಭದ್ರತೆ ಕಟ್ಟಿ ವ್ಯವಹಾರ ನಡೆಸಬೇಕಾಯಿತು. ಆ ಅವಧಿ ಮುಗಿಯುತ್ತಿದ್ದಂತೆ, 2021ರ ಫೆಬ್ರವರಿಯಲ್ಲಿ ರಾಜಿಯಾಯಿತು. ಇವೋಲಸ್ 3.5 ಕೋಟಿ ಡಾಲರ್ ಹಾಗೂ ಮಾರಾಟದ ಮೇಲೆ ರಾಯಧನ ನೀಡಲು ಒಪ್ಪಿ, ತನ್ನ ಷೇರುಗಳನ್ನೂ ಮೆಡಿಟಾಕ್ಸ್‌ಗೆ ಕೊಟ್ಟಿತು. ಅದೇ ವರ್ಷ ಆಯೋಗ ತನ್ನ ಆದೇಶವನ್ನು ಹಿಂತೆಗೆದುಕೊಂಡಿತು. ಅಪಹರಣದ ಆರೋಪ ಉತ್ಪಾದಕನ ಮೇಲಿದ್ದರೂ ರಾಜಿಯ ಹಣ ತೆತ್ತವನು ಆಮದುದಾರ. ಕೊರಿಯಾದಲ್ಲಿ 2023ರ ಫೆಬ್ರವರಿಯಲ್ಲಿ ಸಿಯೋಲ್ ನ್ಯಾಯಾಲಯವೂ ಮೆಡಿಟಾಕ್ಸ್ ಪರವಾಗಿ 4,000 ಕೋಟಿ ವಾನ್ ಪರಿಹಾರ ವಿಧಿಸಿತು. ಡೇವೂಂಗ್ ಮೇಲ್ಮನವಿಗೆ ಹೋಗಿ ಜಾರಿಗೆ ತಡೆ ಪಡೆಯಿತು.

ದೂರು ಕೊಟ್ಟವರೆಲ್ಲ ಗೆಲ್ಲುತ್ತಾರೆಂದು ಇದರಿಂದ ಭಾವಿಸಬಾರದು. ಮತ್ತೊಂದು ಕೊರಿಯನ್ ಕಂಪನಿಯಾದ ಹ್ಯೂಜೆಲ್ ವಿರುದ್ಧ ಮೆಡಿಟಾಕ್ಸ್ 2022ರಲ್ಲಿ ಇದೇ ಆಯೋಗದ ಮುಂದೆ ತಂದ ದೂರು, 2024ರ ಅಕ್ಟೋಬರ್‌ನಲ್ಲಿ 'ಉಲ್ಲಂಘನೆ ಇಲ್ಲ' ಎಂಬ ನಿರ್ಣಯದೊಂದಿಗೆ ಮುಗಿಯಿತು.

ನಮ್ಮ ದೇಶದ ಸ್ಥಿತಿ ಬೇರೆ. ವ್ಯಾಪಾರ ರಹಸ್ಯಕ್ಕೆ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯೊಂದಿಗೆ ಕರಡು ಮಸೂದೆಯೊಂದನ್ನು ಮುಂದಿಟ್ಟಿದೆ. ಆಮದು ಸರಕನ್ನು ತಡೆಹಿಡಿಯಲು ಕಸ್ಟಮ್ಸ್ ಇಲಾಖೆಗೆ ಅಧಿಕಾರವೀಯುವ 2007ರ ನಿಯಮಗಳಲ್ಲಿ ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ವಿನ್ಯಾಸ, ಭೌಗೋಳಿಕ ಸೂಚಕಗಳಿವೆ, ವ್ಯಾಪಾರ ರಹಸ್ಯವಿಲ್ಲ. ಆದ್ದರಿಂದ ನೊಂದವನು ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿ ನೆರವಿಗೆ ಬರುವುದು ಕರಾರು ಮತ್ತು ವಿಶ್ವಾಸಭಂಗದ ತತ್ತ್ವ. 1987ರಲ್ಲಿ ದೆಹಲಿ ಹೈಕೋರ್ಟ್ ತೀರ್ಮಾನಿಸಿದ ಜಾನ್ ರಿಚರ್ಡ್ ಬ್ರೇಡಿ ಪ್ರಕರಣವನ್ನು ನೋಡಬಹುದು. ಮೇವು ಬೆಳೆಸುವ ಯಂತ್ರವನ್ನು ರೂಪಿಸಿದವನು, ಅದರ ಉಷ್ಣರೋಧಕ ಫಲಕಗಳನ್ನು ಮಾಡಿಸಲೆಂದು ಒಂದು ಕಂಪನಿಗೆ ನಕ್ಷೆಗಳನ್ನು ಕೊಟ್ಟ. ಕಂಪನಿ ಅದೇ ಬಗೆಯ ಯಂತ್ರವನ್ನು ತಾನೇ ತಯಾರಿಸಿತು. ನ್ಯಾಯಾಲಯ ತಡೆಯಾಜ್ಞೆ ನೀಡಿತು. ಜಾಬ್‌ವರ್ಕ್‌ಗೆಂದು ನಕ್ಷೆ ಕೊಡುವವರೂ ತೆಗೆದುಕೊಳ್ಳುವವರೂ ಇದನ್ನು ನೆನಪಿಡಬೇಕು.

ನೌಕರರ ವಿಷಯದಲ್ಲಿ ಗೊಂದಲವೇ ಹೆಚ್ಚು. ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯಲ್ಲಿಗೆ ಹೋಗಕೂಡದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನನ್ವಯ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಲಸದಲ್ಲಿರುವ ಅವಧಿಗೆ ಹಾಕಿದ ನಿರ್ಬಂಧವನ್ನಾದರೋ ಸುಪ್ರೀಂ ಕೋರ್ಟ್ 1967ರಲ್ಲಿ ಗೋಲಿಕಾರಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಗೋಪ್ಯತೆಯ ಷರತ್ತು ಬೇರೆಯೇ ವಿಷಯ. ಅದನ್ನು ನೇಮಕಾತಿ ಪತ್ರದಲ್ಲೇ ಬರೆಸುವುದು ಲೇಸು. ಹೊಸದಾಗಿ ಬಂದ ನೌಕರ ಹಳೆಯ ಮಾಲೀಕನ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತಂದರೆ ಸಂತೋಷಪಡುವವರಿದ್ದಾರೆ. ಮೊಕದ್ದಮೆ ಹುಟ್ಟುವುದು ಅಲ್ಲಿಂದಲೇ.

ವೈದ್ಯಕೀಯ ಸಲಕರಣೆಗಳ ಆಮದುದಾರರು ಮತ್ತೊಂದು ಅಂಶವನ್ನು ಗಮನಿಸಬೇಕು. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಎಂಡಿ-14 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-15 ಪರವಾನಗಿ ಪಡೆಯುವವನು ವಿದೇಶೀ ಉತ್ಪಾದಕನ ಅಧಿಕೃತ ಪ್ರತಿನಿಧಿ. ಅರ್ಜಿಯೊಡನೆ ಕಾರ್ಖಾನೆಯ ಹಾಗೂ ಸಾಧನದ ಮಾಸ್ಟರ್ ಫೈಲುಗಳನ್ನು ಸಲ್ಲಿಸಬೇಕು. ತಯಾರಿಕೆಯ ವಿವರಗಳು ಹೀಗೆ ನಮ್ಮ ವರ್ತಕನ ಕಪಾಟಿಗೆ ಬಂದು ಸೇರುತ್ತವೆ. ಮುಂದೆ ಏಜೆನ್ಸಿ ಕೈಬಿಟ್ಟುಹೋಗಿ, ಅದೇ ಫೈಲನ್ನು ಸ್ಥಳೀಯ ತಯಾರಕನೊಬ್ಬನ ಮುಂದಿಟ್ಟು ಅಂಥದೇ ಸರಕು ಮಾಡಿಸಿದರೆ ಅದು ವಿಶ್ವಾಸಭಂಗವೆನಿಸಬಹುದು. ಏಜೆನ್ಸಿ ಮುಗಿದಾಗ ಫೈಲುಗಳನ್ನು ಹಿಂದಿರುಗಿಸಿ ರಸೀದಿ ಪಡೆಯುವುದು ಕ್ಷೇಮಕರ.

ಇನ್ನು ಹೊಸ ಉತ್ಪಾದಕನೊಡನೆ ಕರಾರಿಗೆ ಸಹಿ ಹಾಕುವಾಗ, ತಯಾರಿಕಾ ವಿಧಾನವನ್ನು ತಾನೇ ರೂಪಿಸಿದ್ದಾಗಿ ಅಥವಾ ಪರವಾನಗಿಯ ಮೇಲೆ ಪಡೆದದ್ದಾಗಿ ಆತನಿಂದ ಲಿಖಿತ ಭರವಸೆ ಪಡೆಯಬೇಕು. ಮೂರನೆಯವರು ದಾವೆ ಹೂಡಿದಲ್ಲಿ ವೆಚ್ಚವನ್ನೂ ಮುಂಗಡ ಹಣವನ್ನೂ ಆತನೇ ತುಂಬಿಕೊಡಬೇಕೆಂಬ ಕಲಮು ಸೇರಿಸಬೇಕು. ವರ್ಷಗಳ ಶ್ರಮ ಬೇಡುವ ಉತ್ಪನ್ನವನ್ನು ಕೆಲವೇ ತಿಂಗಳಲ್ಲಿ ಸಿದ್ಧಪಡಿಸಿದೆನೆಂದು ಆತ ಹೇಳಿದರೆ, ಬೆಲೆ ಎಷ್ಟೇ ಅಗ್ಗವಿರಲಿ, ಅಭಿವೃದ್ಧಿಯ ದಾಖಲೆ ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.