ಒಬ್ಬರ ಗಳಿಕೆ ಸಾಕೇ?

ಬನಹಟ್ಟಿಯಲ್ಲಿ ಬೆಳಗಾದರೆ ಕೇಳುವುದು ಮಗ್ಗದ ಸದ್ದು. ಖಟ್ ಖಟ್, ಖಟ್ ಖಟ್. ರಬಕವಿಯಲ್ಲೂ ಅದೇ ಸದ್ದು. ಕರೆಂಟ್ ಹೋದಾಗ ಮಾತ್ರ ಓಣಿ ಸುಮ್ಮನಾಗುತ್ತದೆ. ಆಗ ಜನ ಹೊರಗೆ ಬಂದು ಕಟ್ಟೆಯ ಮೇಲೆ ಕೂಡುತ್ತಾರೆ.

ಅಂಥ ಒಂದು ಸಂಜೆ ನಾವು ಪಾಠಕ್ಕೆ ಕೂತಿದ್ದೆವು. ಅಂದಿನ ಪಾಠ ಕೂಡಿಸುವ ಲೆಕ್ಕ. ಒಬ್ಬ ನೇಕಾರ ತಮ್ಮ ನಮ್ಮನ್ನು ಕೇಳಿದ:

"ನಮ್ಮಪ್ಪ ಹಳ್ಳ್ಯಾಗ ಒಬ್ಬನ ದುಡದು ಆರು ಮಂದಿನ್ನ ಸಾಕಿದ. ನಾನು ಅವನಕಿಂತ ಹೆಚ್ಚು ರೊಕ್ಕಾ ನೋಡತೀನಿ. ನಾಕು ಮಂದಿಗೆ ಸಾಲವಲ್ದು. ಯಾಕ್ರಿ?"

ಅವನ ಹೆಂಡತಿ ಹಿಂದೆ ಕೂತಿದ್ದಳು. ಅವಳಿಗೆ ಹೊಲಿಗೆ ಕೆಲಸಕ್ಕೆ ಹೋಗುವ ಮನಸ್ಸು. ಅವನಿಗೆ ಒಪ್ಪಿಗೆ ಇಲ್ಲ. ಮಂದಿ ಏನಂದಾರು ಎಂಬ ಚಿಂತೆ. ಅವರದು ಒಂದೇ ಖೋಲಿಯ ಬಾಡಿಗೆ ಮನೆ. ಎರಡು ವಿದ್ಯುತ್ ಮಗ್ಗ, ಒಲೆ, ಹಾಸಿಗೆ ಎಲ್ಲ ಅದರಲ್ಲೇ. ಮಕ್ಕಳು ಮಲಗುವ ಕಡೆ ಹತ್ತಿಯ ಧೂಳು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮಗ್ಗಕ್ಕೆ ಬೇರೆ ಖೋಲಿ ಇರುವ ಮನೆ ಇದೆ. ಆದರೆ ಬಾಡಿಗೆ ಹೆಚ್ಚು. ಒಬ್ಬನ ಗಳಿಕೆಯಲ್ಲಿ ಅಲ್ಲಿಗೆ ಹೋಗುವುದು ಹೇಗೆ?

ಮೊದಲು ಅವನ ಅಪ್ಪನ ಮಾತು ನೋಡೋಣ. ಅವರ ಊರು ಬೀಳಗಿ ತಾಲ್ಲೂಕಿನದು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಆಣೆಕಟ್ಟು ಕಟ್ಟಿದರು. 1964ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಮುಂದೆ ಹಿನ್ನೀರು ಏರಿತು. ಬೀಳಗಿ ಕಡೆಯ ಎಷ್ಟೋ ಹೊಲ, ಮನೆ ಮುಳುಗಿದವು. ಜನರಿಗೆ ಪರಿಹಾರದ ಹಣ ಬಂತು, ಪುನರ್ವಸತಿ ಕೇಂದ್ರದಲ್ಲಿ ಜಾಗ ಬಂತು. ಹಣ ಒಮ್ಮೆ ಬಂದು ಒಮ್ಮೆ ಖರ್ಚಾಗುತ್ತದೆ. ಹೊಲ ಹಾಗಲ್ಲ, ವರ್ಷವರ್ಷವೂ ಕೊಡುತ್ತದೆ. ಈ ತಮ್ಮನ ಮನೆಯವರು ಹೊಲ ಹೋದ ಮೇಲೆ ಮಗ್ಗ ಹುಡುಕಿ ಬನಹಟ್ಟಿಗೆ ಬಂದರು.

ಹಳ್ಳಿಯಲ್ಲಿ ಅವರು ಜೋಳ ಕೊಂಡಿರಲಿಲ್ಲ. ಹಾಲು ಕೊಂಡಿರಲಿಲ್ಲ. ಉರುವಲು ಕೊಂಡಿರಲಿಲ್ಲ. ಮನೆ ಸ್ವಂತದ್ದು, ಬಾಡಿಗೆ ಇಲ್ಲ. ರೊಕ್ಕ ಬೇಕಾಗುತ್ತಿದ್ದದ್ದು ಬಟ್ಟೆಗೆ, ಉಪ್ಪಿಗೆ, ಎಣ್ಣೆಗೆ, ಮದುವೆಗೆ. ಈಗ ಬೆಳಿಗ್ಗೆ ಚಹಾದ ಹಾಲಿನಿಂದ ಹಿಡಿದು ಎಲ್ಲಕ್ಕೂ ರೊಕ್ಕ ಎಣಿಸಬೇಕು.

ಇಷ್ಟು ಹೇಳಿದಾಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ಬಾಯಿ ಹಾಕಿದಳು:

"ಅದಿರ್ಲಿ ತಮ್ಮಾ. ಅಪ್ಪ ಒಬ್ಬನ ದುಡದಾ ಅಂತೀಯಲ್ಲ. ಎಮ್ಮಿ ಹಿಂಡಿದವರು ಯಾರು? ಕಳೆ ತಗದವರು ಯಾರು? ನಿಮ್ಮವ್ವ ಏನ್ ಕುಂತು ಉಂಡಳೇನು?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಆದರೆ ಮುದುಕಿ ಹೇಳಿದ್ದು ಲೆಕ್ಕದ ಮಾತು. ಹಳ್ಳಿಯಲ್ಲಿ ದುಡಿದವರು ಇಬ್ಬರು. ಹೆಸರು ಬಂದದ್ದು ಒಬ್ಬರಿಗೆ.

ಇದು ಬೀಳಗಿಯ ಮಾತಷ್ಟೇ ಅಲ್ಲ. ಮುಧೋಳ, ಜಮಖಂಡಿ ಕಡೆಗೆ ಹೋಗಿ ನೋಡಿ. ಕಬ್ಬಿನ ಹಂಗಾಮು ಬಂದರೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಅವರಲ್ಲಿ ಗಂಡ-ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಕತ್ತಿ ಒಂದು, ಆಳು ಇಬ್ಬರು. ಅವನು ಕಡಿಯುತ್ತಾನೆ, ಅವಳು ಹೊರೆ ಕಟ್ಟಿ ಹೊರುತ್ತಾಳೆ. ಮುಂಗಡ ಹಣ ಮಾತ್ರ ಹೆಚ್ಚಾಗಿ ಗಂಡಸಿನ ಕೈಗೆ ಸೇರುತ್ತದೆ.

ಮಗ್ಗದ ಮನೆಯಲ್ಲೂ ಹಾಗೇ. ಹಾಸು ಇದ್ದರೆ ಸೀರೆ ಆಗುವುದಿಲ್ಲ, ಹೊಕ್ಕು ಬೇಕು. ಹೊಕ್ಕಿಗೆ ಕಂಡಿಕೆ ಬೇಕು. ಕಂಡಿಕೆ ಸುತ್ತುವವರು ಯಾರು? ಮನೆಯ ಹೆಣ್ಣುಮಕ್ಕಳು. ಮಾಲಕರು ಸೀರೆಗೆ ಇಷ್ಟು ಎಂದು ಕೂಲಿ ಕೊಡುತ್ತಾರೆ. ಕಂಡಿಕೆಯ ಕೂಲಿ ಅದರೊಳಗೇ ಸೇರಿರುತ್ತದೆ. ಬೇರೆ ಎಣಿಸುವವರಿಲ್ಲ. ಕೈಮಗ್ಗದ ಒಂದು ಅಂಕಿ ಹೇಳುತ್ತೇವೆ. ಸರಕಾರ 2019-20ರಲ್ಲಿ ಇಡೀ ದೇಶದ ಕೈಮಗ್ಗದ ಜನರನ್ನು ಎಣಿಸಿತು. ಸುಮಾರು 35 ಲಕ್ಷ ಜನ ಸಿಕ್ಕರು. ಅವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ನೇಕಾರ ಅಂದ ಕೂಡಲೆ ನಮ್ಮ ಕಣ್ಣಿಗೆ ಗಂಡಸೇ ಬರುತ್ತಾನಲ್ಲ!

ಈಗ ಲೆಕ್ಕಕ್ಕೆ ಬರೋಣ. ಅಂದು ಹಲಗೆಯ ಮೇಲೆ ನಾವು ಒಂದು ಮನೆಯ ಖರ್ಚು ಬರೆದೆವು. ಇದು ಕಲಿಯಲಿಕ್ಕೆ ಹಿಡಿದ ಲೆಕ್ಕ. ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ.

ಮನೆ ಬಾಡಿಗೆ 3,000
ಕಾಳುಕಡಿ, ಎಣ್ಣೆ, ಕಾಯಿಪಲ್ಲೆ 5,000
ಹಾಲು 1,500
ಗ್ಯಾಸ್ 900
ಮಕ್ಕಳ ಸಾಲಿ ಖರ್ಚು 1,500
ಔಷಧ 700
ಫೋನು, ನೀರು 800
ಸಂಘದ ಸಾಲದ ಕಂತು 1,500
ಒಟ್ಟು 14,900 ರೂಪಾಯಿ

ಮಗ್ಗದ ಖರ್ಚು ಕಳೆದು ತಿಂಗಳಿಗೆ 12,000 ರೂಪಾಯಿ ಕೈಗೆ ಬಂತು ಎನ್ನೋಣ. 2,900 ಕಡಿಮೆ ಬಿತ್ತು. ಇದು ಪ್ರತಿ ತಿಂಗಳ ಸಾಲ.

ಹೆಂಡತಿ ಹೊಲಿಗೆ ಕೆಲಸಕ್ಕೆ ಹೋದಳು, 5,000 ತಂದಳು ಎನ್ನೋಣ. ಆಗ ಗಳಿಕೆ 17,000. ಖರ್ಚು ಹೋಗಿ 2,100 ಉಳಿಯಿತು. "ಮುಗೀತಲ್ಲ, ಇಬ್ಬರೂ ದುಡಿಯೂದು" ಎಂದು ಯಾರೋ ಅಂದರು. ಅಷ್ಟು ಬೇಗ ಮುಗಿಯುವುದಿಲ್ಲ.

ಅವಳು ದಿನವಿಡೀ ಹೊರಗೆ ಇದ್ದರೆ ಕಂಡಿಕೆ ಸುತ್ತುವವರು ಯಾರು? ಹೊರಗೆ ಕೊಟ್ಟರೆ ದಿನಕ್ಕೆ 60 ರೂಪಾಯಿ ಹಿಡಿಯಿರಿ. 25 ದಿನಕ್ಕೆ 1,500. ರೊಟ್ಟಿ ಬಡಿಯುವವರು ಯಾರು? ದಿನಕ್ಕೆ 10 ರೊಟ್ಟಿ ಕೊಂಡರೆ, ರೊಟ್ಟಿಗೆ 8 ರೂಪಾಯಿಯಂತೆ ತಿಂಗಳಿಗೆ 2,400. ಎರಡೂ ಸೇರಿ 3,900. ಉಳಿದಿದ್ದ 2,100 ಹೋಗಿ ಮತ್ತೆ 1,800 ರೂಪಾಯಿ ಕಡಿಮೆ ಬಿತ್ತು!

ಹಲಗೆಯ ಮುಂದೆ ಎಲ್ಲರೂ ಸುಮ್ಮನಾದರು. ಆಗ ಹಿಂದೆ ಕೂತಿದ್ದ ಹೆಂಡತಿ ಮೊದಲ ಸಲ ಮಾತಾಡಿದಳು:

"ಹಂಗಾರ ನಾನು ಮನ್ಯಾಗ ಇದ್ದು 3,900 ರೂಪಾಯಿ ದುಡಿಯಾಕತ್ತೇನಿ. ಇವರು ನಾ ಏನೂ ಗಳಸೂದಿಲ್ಲ ಅಂತಾರ."

ಹೌದು. ಅದರಲ್ಲಿ ನೀರು ತರುವುದು, ಪಾತ್ರೆ, ಮಕ್ಕಳ ಆರೈಕೆ ಇನ್ನೂ ಸೇರಿಲ್ಲ.

ಬೆಳಿಗ್ಗೆ 4 ಗಂಟೆಗೆ ಎದ್ದು ರೊಟ್ಟಿ ಮಾಡಿ, ಕಂಡಿಕೆ ಸುತ್ತಿ, ಆಮೇಲೆ ಕೆಲಸಕ್ಕೆ ಹೋಗುತ್ತೇನೆ ಎಂದು ಅವಳು ಹೇಳಬಹುದು. ಎಷ್ಟೋ ತಾಯಂದಿರು ಹಾಗೇ ಮಾಡುತ್ತಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ಅದು ಎರಡು ಗಳಿಕೆಯ ಮನೆ ಅಲ್ಲ, ಒಬ್ಬಳ ಮೇಲೆ ಮೂರು ಕೆಲಸ ಹೊರಿಸಿದ ಮನೆ. ಸೊಂಟ ನೋವು ಬಂದ ದಿನ ಉಳಿಸಿದ್ದೆಲ್ಲ ದವಾಖಾನೆಗೆ ಹೋಗುತ್ತದೆ.

ಕಂಡಿಕೆಯನ್ನು ಗಂಡ ಸುತ್ತಲಿ. ನೀರು ತರಲಿ, ಮಕ್ಕಳನ್ನು ಸಾಲಿಗೆ ಕಳಿಸಲಿ. ಅವಳು ರೊಟ್ಟಿ ಮಾಡಿ ಹೋಗಲಿ. ಆಗ ಆ 2,100 ಉಳಿಯುತ್ತದೆ. "ರೊಟ್ಟಿನೂ ಕಲಿ ಅಂತ ಹೇಳ್ರಿ ಅವಗ" ಎಂದಳು ಮುದುಕಿ. "ನನಗ ಬರೂದಿಲ್ರಿ" ಎಂದ ತಮ್ಮ. "ಮಗ್ಗಾ ನೇಯೂದು ಹುಟ್ಟತನಾ ಬಂದಿತ್ತೇನು?" ಎಂದಳು ಅವಳು.

ಹೊಸ ಬಡಾವಣೆಯ ಮನೆಯ ಮಾತು ಉಳಿಯಿತು. ಅದರ ಬಾಡಿಗೆ 5,000 ಎನ್ನೋಣ. ಈಗಿನದಕ್ಕಿಂತ 2,000 ಹೆಚ್ಚು. ಇಬ್ಬರೂ ದುಡಿದು, ಮನೆಗೆಲಸ ಹಂಚಿಕೊಂಡು ಉಳಿಸಿದ 2,100ರಲ್ಲಿ 100 ರೂಪಾಯಿ ಮಾತ್ರ ಉಳಿಯುತ್ತದೆ. ಒಂದು ಮಗುವಿಗೆ ಜ್ವರ ಬಂದರೆ ಅದೂ ಇಲ್ಲ. ಸಂಘದ ಸಾಲ ತೀರಿದ ಮೇಲೆ ಹೋದರೆ 1,600 ಕೈಯಲ್ಲಿರುತ್ತದೆ. ನಾವು ಆ ಮನೆಗೆ ಹೋಗಬೇಡಿ ಎನ್ನಲಿಲ್ಲ. ಧೂಳಿನಲ್ಲಿ ಮಕ್ಕಳು ಮಲಗುವುದು ಯಾರಿಗೆ ಬೇಕು? ಕಂತು ಎಂದು ಮುಗಿಯುತ್ತದೆ ಎಂದು ಮೊದಲು ನೋಡಿರಿ ಎಂದೆವು.

ಒಬ್ಬ ಅಕ್ಕ ಗೃಹಲಕ್ಷ್ಮಿಯ ಹಣ ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಎಂದು ಕೇಳಿದಳು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಆ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಯಿತು. ಬಂದರೆ ಒಳ್ಳೆಯದೇ. ಆದರೆ ಅದನ್ನು ಬೇರೆ ಗೆರೆಯಲ್ಲಿ ಬರೆಯಿರಿ. ಬಾಡಿಗೆ ಪ್ರತಿ ತಿಂಗಳೂ ತಪ್ಪದೆ ಕೊಡಬೇಕು. ಅದಕ್ಕೆ ತಪ್ಪದೆ ಬರುವ ಗಳಿಕೆಯನ್ನೇ ನಂಬಬೇಕು.

ಕೆಲಸಕ್ಕೆ ಸೇರುವ ಮೊದಲು ಕೂಲಿ ಎಷ್ಟು ಎಂದು ಕೇಳಬೇಕು. ನಾಚಿಕೆ ಬೇಡ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ 1976ರಲ್ಲೇ ಬಂತು. ಕೂಲಿ ದುಡಿದವರ ಖಾತೆಗೇ ಬರಲಿ.

ಅಷ್ಟರಲ್ಲಿ ಕರೆಂಟ್ ಬಂತು. ಖಟ್ ಖಟ್ ಸದ್ದು ಶುರುವಾಯಿತು. ಎಲ್ಲರೂ ಎದ್ದು ಹೋದರು.

ನಾಲ್ಕು ದಿನದ ಮೇಲೆ ಆ ತಮ್ಮ ಪಟ್ಟಿ ತಂದು ತೋರಿಸಿದ. ಪುಟದ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದ. ಒಂದು ಕಡೆ ಅವನ ಹೆಸರು. ಇನ್ನೊಂದು ಕಡೆ ಹೆಂಡತಿಯ ಹೆಸರು, ಅವಳೇ ಬರೆದದ್ದು. ಅಕ್ಷರ ಸ್ವಲ್ಪ ಸೊಟ್ಟ. ಅದರ ಕೆಳಗೆ 'ಕಂಡಿಕೆ 1,500, ರೊಟ್ಟಿ 2,400' ಎಂದಿತ್ತು. ಅದರ ಕೆಳಗೆ 'ಹೊಲಿಗೆ' ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಕೂಲಿ ಕೇಳಿಕೊಂಡು ಬಂದು ತುಂಬುತ್ತಾಳಂತೆ.

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಯಾರು ಯಾರು ದುಡಿಯುತ್ತಾರೆ? ಎಲ್ಲರ ಹೆಸರು ಬರೆಯಿರಿ. ಕೂಲಿ ಇಲ್ಲದ ಕೆಲಸವನ್ನೂ ಬರೆಯಿರಿ.

ಅದೇ ಕೆಲಸಕ್ಕೆ ಹೊರಗಿನವರನ್ನು ಕರೆದರೆ ತಿಂಗಳಿಗೆ ಎಷ್ಟು ಕೊಡಬೇಕು? ಕೂಡಿಸಿ ನೋಡಿರಿ.