ಮನೆ ತುಂಬಿದ ದಿನವೇ ಲಸಾನ್ಯ ಮಾಡು

ತಂಗೀ, ರಜೆಗೆ ಬಂದ ಮಕ್ಕಳು ಲಸಾನ್ಯ ಬೇಕೆಂದು ಹಟ ಹಿಡಿದಿದ್ದಾರೆ, ಮನೆ ತುಂಬ ಜನ ಇರುವಾಗ ಅದೆಲ್ಲ ಆಗುವ ಕೆಲಸವಾ ಎಂದು ಮೊನ್ನೆ ಕೇಳಿದೆಯಲ್ಲ. ಆಗುತ್ತದೆ. ನನ್ನನ್ನು ಕೇಳಿದರೆ, ಮನೆ ತುಂಬ ಜನ ಇರುವ ದಿನವೇ ಅದನ್ನು ಮಾಡಬೇಕು.

ತೆಳ್ಳೇವು ಎರೆಯುವ ಬೆಳಗನ್ನು ನೆನೆಸಿಕೊ. ಇರುವುದು ಒಂದೇ ಕಾವಲಿ. ಮಕ್ಕಳದ್ದು ಮುಗಿಯಿತು ಅನ್ನುವಾಗ ತೋಟದಿಂದ ಗಂಡಸರು ಬರುತ್ತಾರೆ, ಅವರದ್ದು ಮುಗಿಯುವಷ್ಟರಲ್ಲಿ ಕತಗಾಲದಲ್ಲಿ ಶಿರಸಿ ಬಸ್ಸು ಇಳಿದ ನೆಂಟರು ಅಂಗಳದಲ್ಲಿರುತ್ತಾರೆ. ಎರೆದವಳಿಗೆ ಸಿಗುವುದು ಹಿಟ್ಟಿನ ಪಾತ್ರೆ ಬಳಿದು ಎರೆದ ಕೊನೆಯದು, ಅದನ್ನೂ ನಿಂತೇ ತಿನ್ನುತ್ತಾಳೆ. ಲಸಾನ್ಯ ಹಾಗಲ್ಲ. ಒಂದೇ ಸಲ ಬೇಯುತ್ತದೆ, ಒಂದೇ ಸಲ ಇಳಿಯುತ್ತದೆ. ಕತ್ತರಿಸಿ ಬಡಿಸಿದ ಮೇಲೆ ನೀನೂ ಪಂಕ್ತಿಯಲ್ಲಿ ಕೂರಬಹುದು. ಆ ತಿಂಡಿ ನನಗೆ ಹಿಡಿಸಿದ್ದು ರುಚಿಗಿಂತ ಈ ಕಾರಣಕ್ಕೆ. ಇಟಲಿಯಲ್ಲೂ ಭಾನುವಾರ, ಹಬ್ಬ ಅಂತ ಮನೆಮಂದಿ ಸೇರುವ ದಿನಗಳ ಅಡುಗೆ ಅದು.

ಹೊಸ ಅಡುಗೆ ಅಂತ ಹೆದರಬೇಡ, ನಿನಗೆ ಪತ್ರೊಡೆ ಮಾಡಲು ಬರುತ್ತದಲ್ಲ. ಕೆಸುವಿನ ಎಲೆ ಬೋರಲು ಹಾಸಿ, ಹುಳಿ ಖಾರ ಹಾಕಿ ಬೀಸಿದ ಅಕ್ಕಿಹಿಟ್ಟು ಸವರಿ, ಮೇಲೆ ಇನ್ನೊಂದು ಎಲೆ. ಇಲ್ಲಿ ಎಲೆಯ ಜಾಗದಲ್ಲಿ ಗೋಧಿಯ ತೆಳು ಹಾಳೆ, ಹಿಟ್ಟಿನ ಜಾಗದಲ್ಲಿ ತರಕಾರಿ, ಹಾಲಿನ ಗೊಜ್ಜು, ಚೀಸ್. ಪತ್ರೊಡೆಯನ್ನು ನಮ್ಮ ಮನೆಗಳಲ್ಲಿ ಯಾರಾದರೂ ಒಬ್ಬರೇ ಮಾಡಿದ್ದನ್ನು ನೋಡಿದ್ದೀಯಾ? ಮಳೆಯಲ್ಲಿ ಮರಗೆಸು ಕೊಯ್ದು ತರುವವರು ಒಬ್ಬರು, ಎಲೆಯ ದಪ್ಪ ನರ ಹೆರೆಯುವವರು ಒಬ್ಬರು, ಬೀಸುವವರು ಇನ್ನೊಬ್ಬರು. ಪದರದ ಅಡುಗೆ ಅಂದರೆ ಹಂಚಿಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಅಡುಗೆ. ನೀನು ಮಾತ್ರ ಇಡೀ ಲಸಾನ್ಯವನ್ನು ಸಂಜೆ ಐದಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸುತ್ತೇನೆ ಎಂದು ಹೊರಡಬೇಡ. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಗುತ್ತದೆ, ಸಣ್ಣವನು ಬಿದ್ದು ಮೊಣಕಾಲು ಕೆತ್ತಿಕೊಳ್ಳುತ್ತಾನೆ, ಫೋನು ಬರುತ್ತದೆ, ಕರೆಂಟು ಹೋಗುತ್ತದೆ. ಇವೆಲ್ಲ ದಿನಾ ಇರುವವೇ. ಅವುಗಳ ನಡುವೆ ನುಸುಳುವ ಹಾಗೆ ಕೆಲಸವನ್ನು ತುಂಡು ಮಾಡಿಟ್ಟುಕೊ. ಹಿಂದಿನ ರಾತ್ರಿ ತರಕಾರಿ ಹುರಿದು ಫ್ರಿಜ್ಜಿನಲ್ಲಿಡು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ಹಾಲಿನ ಗೊಜ್ಜು. ಚಹಾ ಆದಮೇಲೆ ಪದರ ಹಾಕುವುದು. ನಡುವೆ ಎಲ್ಲಿ ಬಿಟ್ಟೆದ್ದರೂ ಏನೂ ಕೆಡುವುದಿಲ್ಲ.

ತರಕಾರಿಯ ವಿಷಯದಲ್ಲಿ ಪುಸ್ತಕ ಹೇಳಿದ್ದನ್ನೇ ಹುಡುಕಿಕೊಂಡು ಹೋಗಬೇಡ. ಝುಕಿನಿ, ಪಾಲಕ್ ಅಂತ ಬರೆದಿರುತ್ತಾರೆ. ಕುಮಟೆ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಮಾರುವ ಹರಿವೆ, ಬದನೆ ಇರುವಾಗ ಅವೆಲ್ಲ ಏಕೆ? ಕೆಂಪು ಹರಿವೆ ಹಾಕಿದರೆ ಬಿಳಿ ಗೊಜ್ಜಿಗೆ ಬಣ್ಣ ಹತ್ತಿ ಮಕ್ಕಳ ಕಣ್ಣಿಗೂ ಚಂದ. ಬಸಳೆ ಬೇಡ, ಅದರ ಲೋಳೆಯಿಂದ ಪದರ ಜಾರುತ್ತದೆ. ಮಗೆಕಾಯಿಯೂ ಬೇಡ, ನೀರು ಬಿಡುತ್ತದೆ. ಚೀನಿಕಾಯಿ ತುಂಬ ಒಳ್ಳೆಯದು, ತೆಳುವಾಗಿ ಹೆಚ್ಚಿ ಎಣ್ಣೆ ಸವರಿ ಕಾವಲಿ ಮೇಲೆ ಎರಡೂ ಬದಿ ಬಾಡಿಸಿದರೆ ಅದೇ ಒಂದು ಪದರವಾಗುತ್ತದೆ. ಬದನೆ ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಹಿಂಡಿಬಿಡು. ಬೇಸಿಗೆಯಾದರೆ ಅಳ್ವೆಕೋಡಿ ಕಡೆ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಸಿಗುತ್ತದೆ, ಅದನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಸೇರಿಸಿದರೆ ಸಕ್ಕರೆಯ ಚಿಟಿಕೆಯೂ ಬೇಡ. ಯಾವ ತರಕಾರಿಯೇ ಆಗಲಿ, ನೀರಿನಂಶ ಬಾಣಲೆಯಲ್ಲೇ ಆರಬೇಕು. ಮನೆಯಲ್ಲಿ ಮಾಡಿದ ತರಕಾರಿ ಲಸಾನ್ಯ ಕೆಡುವುದಿದ್ದರೆ ಹೆಚ್ಚಾಗಿ ಈ ಒಂದು ಜಾಗದಲ್ಲಿ.

ಹೀಗೆ ಬದಲಾಯಿಸಿದರೆ ಅದು ಲಸಾನ್ಯ ಆಗುತ್ತದಾ ಎಂದು ದೊಡ್ಡ ಹುಡುಗಿ ಕೇಳಬಹುದು. ಅವಳಿಗೆ ಹೇಳು: ಸುಮಾರು 1300ರ ಹೊತ್ತಿನ ಲಿಬರ್ ಡೆ ಕೊಕ್ವಿನಾ ಎಂಬ ಲ್ಯಾಟಿನ್ ಅಡುಗೆ ಪುಸ್ತಕದಲ್ಲೇ ಲಸಾನ್ಯ ಇದೆ. ಹಿಟ್ಟಿನ ಹಾಳೆ ಬೇಯಿಸಿ, ತುರಿದ ಚೀಸ್ ಮತ್ತು ಮಸಾಲೆ ಪುಡಿ ಹಾಕಿ ಪದರ ಮಾಡುವ ಕ್ರಮ ಅದು. ಟೊಮೆಟೊ ಅದರಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಟೊಮೆಟೊ ಅಮೆರಿಕದಿಂದ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಅವರ ಲಸಾನ್ಯವೇ ಇಷ್ಟು ಬದಲಾಗಿರುವಾಗ ನಮ್ಮ ಹರಿವೆಗೂ ಅದರಲ್ಲಿ ಜಾಗವಿದೆ.

ಹಾಲಿನ ಗೊಜ್ಜಿಗೆ ಅರ್ಧ ಲೀಟರ್ ಹಾಲು, 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ. ಬೆಣ್ಣೆ ಕರಗಿಸಿ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿ, ಬಣ್ಣ ಬರಬಾರದು. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ ಕೈ ಬಿಡದೆ ತಿರುವು. ಸೌಟಿನ ಬೆನ್ನಿಗೆ ಅಂಟಿ ನಿಲ್ಲುವಷ್ಟು ದಪ್ಪವಾದರೆ ಸಾಕು. ಇದಕ್ಕೆ ಇಟಲಿಯವರು ಜಾಯಿಕಾಯಿ ತುರಿದು ಹಾಕುತ್ತಾರೆ. ನಮ್ಮ ಅಡಿಕೆ ತೋಟಗಳಲ್ಲೇ ಬೆಳೆಯುವುದನ್ನು ಅಂಗಡಿಯಿಂದ ತರುವುದು ಬೇಡ, ಚಿಟಿಕೆಯಷ್ಟು ತುರಿದರೆ ಆಯಿತು. ಈ ಹತ್ತು ನಿಮಿಷ ಮಾತ್ರ ಯಾರು ಕರೆದರೂ ಒಲೆ ಬಿಟ್ಟು ಏಳಬೇಡ, ಮಕ್ಕಳನ್ನೂ ಹತ್ತಿರ ಬಿಟ್ಟುಕೊಳ್ಳಬೇಡ. ಉಳಿದ ಎಲ್ಲ ಕೆಲಸಕ್ಕೂ ಅವರು ಇರಲಿ.

ಹಾಳೆಯ ಪೊಟ್ಟಣ ಸಿಕ್ಕಿದರೆ ಹಸಿರು ಚುಕ್ಕೆ ನೋಡಿ ತೆಗೆದುಕೊ, ಕೆಲವಕ್ಕೆ ಮೊಟ್ಟೆ ಹಾಕಿರುತ್ತಾರೆ. ಸಿಗದಿದ್ದರೆ ಚಿಂತೆಯಿಲ್ಲ. ಚಪಾತಿ ಹಿಟ್ಟನ್ನು ಎಣ್ಣೆಯಿಲ್ಲದೆ ಸ್ವಲ್ಪ ಗಟ್ಟಿಯಾಗಿ ಕಲಸಿ, ಆದಷ್ಟು ತೆಳ್ಳಗೆ ಲಟ್ಟಿಸಿ, ಕುದಿಯುವ ಉಪ್ಪುನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ ತೆಗೆ. ಒದ್ದೆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿಡು, ಒಂದರ ಮೇಲೊಂದು ಹಾಕಿದರೆ ಅಂಟಿ ಹೋಗುತ್ತವೆ.

ಪದರ ಹಾಕುವ ಕೆಲಸವನ್ನು ಮಕ್ಕಳಿಗೆ ಕೊಡು. ಒಬ್ಬ ಹಾಳೆ ಇಡಲಿ, ಒಬ್ಬಳು ಗೊಜ್ಜು ಸವರಲಿ, ಚೀಸ್ ಉದುರಿಸುವುದು ಅತಿ ಸಣ್ಣವನಿಗೆ. ನೆಲಕ್ಕೆ ಬೀಳುತ್ತದೆ, ಬೀಳಲಿ. ಮೂಲೆ ಸರಿಯಿಲ್ಲ ಎಂದು ಅವರ ಎದುರಿಗೇ ತಿದ್ದಬೇಡ, ಬೆಂದ ಮೇಲೆ ಎಲ್ಲ ಒಂದಾಗುತ್ತದೆ. ಹರಿವೆ ಕಂಡರೆ ಮುಖ ತಿರುಗಿಸುವ ಮಗು ತಾನೇ ಹಾಕಿದ ಪದರವನ್ನು ತಿನ್ನುತ್ತದೆ, ಇದನ್ನು ನಾನು ಕಂಡಿದ್ದೇನೆ. ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಅಟ್ಟಿದರೆ ಕೆಲಸ ಬೇಗ ಮುಗಿಯಬಹುದು, ಆದರೆ ಅವರು ಅಡುಗೆ ಕಲಿಯುವುದು ಯಾವಾಗ?

ಅತ್ತೆ ಮಾವನವರನ್ನು ಇದಕ್ಕಾಗಿ ಕಾಯಿಸಬೇಡ. ಅವರ ಮಾತ್ರೆಯ ಹೊತ್ತಿಗೆ ಅನ್ನ, ತಂಬ್ಳಿ ತಯಾರಿರಲಿ. ಮಾವಿನ ಕಾಲವಾದರೆ ಒಂದು ಅಪ್ಪೆಹುಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿದ್ದರೆ ಸಣ್ಣ ಡಬ್ಬಿಯೊಂದರಲ್ಲಿ ಅವು ಇಲ್ಲದ್ದನ್ನು ಬೇರೆಯಾಗಿ ಮಾಡಿ ರುಚಿ ನೋಡಲು ಕೊಡು. ಸೇರದಿದ್ದರೆ ಬೇಸರಪಟ್ಟುಕೊಳ್ಳಬೇಡ. ಎಂಬತ್ತು ದಾಟಿದವರು ಚೀಸ್ ಬೇಡ ಎಂದರೆ ಅದು ನಿನ್ನ ಕೈಯ ಕೊರತೆಯಲ್ಲ.

ಓವನ್ ಇದ್ದರೆ 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯ ಒಳಗೆ ಆಗುತ್ತದೆ, ಮೊದಲರ್ಧ ಮುಚ್ಚಿಡು. ಕರೆಂಟಿನ ಭರವಸೆ ಇಲ್ಲದ ದಿನ ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಖಾಲಿಯಾಗಿ ಹತ್ತು ನಿಮಿಷ ಕಾಯಿಸಿ, ಲಸಾನ್ಯದ ಡಬ್ಬಿ ಇಳಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸು. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ತೊಂದರೆಯಿಲ್ಲ. ಇಳಿಸಿದ ಕೂಡಲೇ ಕತ್ತರಿಸಬೇಡ, ಹದಿನೈದು ನಿಮಿಷ ಬಿಟ್ಟರೆ ಪದರಗಳು ಗಟ್ಟಿಯಾಗಿ ತುಂಡು ಬಿಡಿಬಿಡಿಯಾಗಿ ಏಳುತ್ತದೆ. ಆ ಹೊತ್ತಿನಲ್ಲಿ ತಲೆ ಬಾಚಿಕೊ, ಒಂದು ಲೋಟ ನೀರು ಕುಡಿ, ಕೂತುಕೊ.

ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ಇಲ್ಲಿ ಕುಮಟಾ–ಶಿರಸಿ ರಸ್ತೆಯೇ ಬಂದ್ ಆಗುವುದುಂಟು. ಬರಬೇಕಾದವರು ಆ ದಿನ ದಾರಿಯಲ್ಲೇ ಉಳಿದರೂ ಈ ಅಡುಗೆ ಹಾಳಾಗದು. ಬೇಯಿಸದೆ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ ಬರುತ್ತದೆ. ಬೆಂದದ್ದು ಉಳಿದರೂ ಹಾಗೆಯೇ, ತಿನ್ನುವಾಗ ಒಳಗಿನವರೆಗೆ ಬಿಸಿಯಾಗಬೇಕು ಅಷ್ಟೆ.

ಇನ್ನು ಒಂದು ಮಾತು ನಿನ್ನ ಗಂಡನಿಗೆ, ಇದನ್ನು ಅವನಿಗೂ ಓದಿ ಹೇಳು. ತಮ್ಮಾ, ಲಸಾನ್ಯಕ್ಕೆ ಪಾತ್ರೆ ಬಹಳ ಬೀಳುತ್ತದೆ: ಬಾಣಲೆ, ಹಾಲಿನ ಪಾತ್ರೆ, ಹಾಳೆ ಬೇಯಿಸಿದ್ದು, ಕೊನೆಗೆ ಚೀಸ್ ಹಿಡಿದ ಟ್ರೇ. ಊಟವಾದ ಮೇಲೆ ಹೆಂಡತಿಯನ್ನು ಜಗುಲಿಯಲ್ಲಿ ಕೂರಲು ಹೇಳಿ ಅವನ್ನೆಲ್ಲ ನೀನು ತೊಳೆ. ಟ್ರೇಯನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿಡು, ಬೇಗ ಬಿಡುತ್ತದೆ.