ಬೇಕರಿಯಲ್ಲಿ ಓದಿದ ಯಾಜಕಕಾಂಡ

ಸತ್ಯವೇದ ಓದುವವರು ಯಾಜಕಕಾಂಡಕ್ಕೆ ಬಂದಾಗ ಪುಟಗಳನ್ನು ಬೇಗ ಬೇಗ ಮಗುಚುವುದುಂಟು. ಯಜ್ಞ, ಬಲಿ, ಶುದ್ಧಿಯ ವಿಧಿಗಳೇ ತುಂಬಿದ ಪುಸ್ತಕ, ನಮಗೇನು ಎಂಬ ಭಾವನೆ. ಮಂಗಳೂರಿನಲ್ಲಿ ಬೇಕರಿ ನಡೆಸುವ ನನಗೆ ಮಾತ್ರ ಅದರ 19ನೆಯ ಅಧ್ಯಾಯದಷ್ಟು ಹತ್ತಿರದ ಭಾಗ ಇನ್ನೊಂದಿಲ್ಲ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು, ದುಡಿದವನ ಕೂಲಿಯನ್ನು ಮರುದಿನದವರೆಗೆ ಹಿಡಿದಿಟ್ಟುಕೊಳ್ಳಬಾರದು, ತೂಕ ಅಳತೆ ನ್ಯಾಯವಾಗಿರಬೇಕು ಎಂಬುದೆಲ್ಲ ಅಲ್ಲೇ ಇದೆ. ಯೇಸುಸ್ವಾಮಿ ಎರಡನೆಯ ದೊಡ್ಡ ಆಜ್ಞೆ ಎಂದು ಎತ್ತಿ ಹೇಳಿದ ನೆರೆಯವರ ಮೇಲಿನ ಪ್ರೀತಿಯೂ ಇದೇ ಅಧ್ಯಾಯದ್ದು. 13ನೆಯ ವಚನದಲ್ಲಿ ಕೂಲಿ, 18ರಲ್ಲಿ ಪ್ರೀತಿ, 36ರಲ್ಲಿ ತಕ್ಕಡಿ. ಕೂಲಿಯನ್ನೂ ತಕ್ಕಡಿಯನ್ನೂ ಬಿಟ್ಟು ಪ್ರೀತಿಯ ಮಾತಾಡಲು ಇಲ್ಲಿ ಜಾಗವಿಲ್ಲ.

ಮೊದಲು ತಕ್ಕಡಿ. ಸಿಹಿತಿಂಡಿಯನ್ನು ರಟ್ಟಿನ ಡಬ್ಬಿ ಸಮೇತ ತೂಗುವುದು ಪೇಟೆಯಲ್ಲಿ ಹಳೆಯ ರೂಢಿ. ಡಬ್ಬಿಯೇ ನೂರು ಗ್ರಾಂ ಇದ್ದರೆ, ಕಿಲೋಗೆ ನಾನೂರು ರೂಪಾಯಿಯ ತಿಂಡಿಯಲ್ಲಿ ಗಿರಾಕಿಗೆ ನಲವತ್ತು ರೂಪಾಯಿ ಖೋತಾ. ಖಾಲಿ ಡಬ್ಬಿ ಇಟ್ಟು ಟೇರ್ ಗುಂಡಿ ಒತ್ತಿದರೆ ತಕ್ಕಡಿ ಸೊನ್ನೆಗೆ ಬರುತ್ತದೆ, ಆಮೇಲೆ ತಿಂಡಿ ತುಂಬಿದರಾಯಿತು. ಎರಡು ಸೆಕೆಂಡಿನ ಕೆಲಸ. ಕ್ರಿಸ್‌ಮಸ್ ವಾರದ ನೂಕುನುಗ್ಗಲಿನಲ್ಲಿ ಅದೇ ಭಾರವಾಗುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಆ ಮುದ್ರೆ ಯಂತ್ರಕ್ಕೆ ಮಾತ್ರ, ತೂಗುವ ಕೈಗಲ್ಲ.

ಸರಿಯಾಗಿ ತೂಗಿದರೆ ನಮ್ಮ ದರ ಪೇಟೆಗಿಂತ ಸ್ವಲ್ಪ ಹೆಚ್ಚು ಕಾಣುತ್ತದೆ. "ಎಂತ ಮಾರಾಯ್ರೇ, ಆಚೆ ಅಂಗಡಿಯಲ್ಲಿ ಕಿಲೋಗೆ ಮೂವತ್ತು ರೂಪಾಯಿ ಕಮ್ಮಿ ಉಂಟಲ್ಲ?" ಎಂದು ಕೇಳಿ ಹಾಗೇ ಹೊರಟುಹೋದವರಿದ್ದಾರೆ. ಕೌಂಟರಿನ ಹುಡುಗ ಒಮ್ಮೆ, "ಧಣಿ, ತಕ್ಕಡಿ ಮೇಲೆ ಒಂದು ಸತ್ಯವೇದದ ವಾಕ್ಯ ಬರೆಸಿ ಹಾಕುವ, ಜನ ನಂಬುತ್ತಾರೆ" ಎಂದ. ನಾನು ಒಪ್ಪಲಿಲ್ಲ. ಧರ್ಮಕಾರ್ಯವನ್ನು ಜನರಿಗೆ ಕಾಣಲೆಂದು ಮಾಡಬೇಡಿ ಎಂದು ಬೆಟ್ಟದ ಪ್ರಸಂಗದಲ್ಲಿ ಎಚ್ಚರಿಸಿದವರ ಮಾತನ್ನೇ ಜಾಹೀರಾತು ಮಾಡುವುದು ಹೇಗೆ? ದರಪಟ್ಟಿಯಲ್ಲಿ "ಡಬ್ಬಿಯ ತೂಕ ಸೇರಿಲ್ಲ" ಎಂದಷ್ಟೇ ಬರೆಸಿದೆ.

ಕೂಲಿಯ ವಿಷಯದಲ್ಲಿ ಪರೀಕ್ಷೆ ಇನ್ನೂ ಕಠಿಣ. ನಮ್ಮಿಂದ ಬ್ರೆಡ್, ಬನ್ ಒಯ್ಯುವ ಹೋಟೆಲಿನವರು ಬಿಲ್ಲನ್ನು ತಿಂಗಳುಗಟ್ಟಲೆ ಬಾಕಿ ಇಡುತ್ತಾರೆ. ಆಗ, "ಹಣ ಬಂದ ಮೇಲೆ ಕೊಡ್ತೇನೆ" ಎಂದು ಭಟ್ಟಿಯ ಮುಂದೆ ಬೆವರು ಸುರಿಸಿದವನಿಗೆ ಹೇಳುವುದು ಬಲು ಸುಲಭ. ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾನೆ ಯಾಕೋಬ ತನ್ನ ಪತ್ರದಲ್ಲಿ. ನನ್ನ ಬಾಕಿ ನನ್ನ ತಲೆನೋವು, ಭಟ್ಟಿಯವನದ್ದಲ್ಲ. ಹಾಗಾಗಿ ದಿನದ ವ್ಯಾಪಾರದಲ್ಲಿ ಕೂಲಿಯ ಪಾಲು ಮೊದಲು ಬೇರೆ ಖಾತೆಗೆ ಹೋಗುತ್ತದೆ. ಮೈದಾ, ಸಕ್ಕರೆಯ ಬಾಬ್ತು ಆಮೇಲೆ. ಶನಿವಾರ ಸಂಜೆ ಬಟವಾಡೆ ತಪ್ಪಬಾರದು.

ಹೊಲದ ಅಂಚಿನ ಪೈರಿನಿಂದ ಕಲಿತದ್ದೂ ಇದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದಳಲ್ಲ, ಆಕೆಗೆ ಸಿಕ್ಕಿದ್ದು ಆ ವರ್ಷದ ಒಳ್ಳೆಯ ತೆನೆಯೇ ಹೊರತು ಹುಳ ಹಿಡಿದ ಕಾಳಲ್ಲ. ಬೇಕರಿಯಲ್ಲಿ ಮಾರಾಟವಾಗದ ಹಳಸಲು ಬ್ರೆಡ್ಡನ್ನು ಬಡವರಿಗೆ ಕೊಟ್ಟು ದಾನ ಎಂದುಕೊಳ್ಳುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿನ ಮೊದಲ ಭಟ್ಟಿಯ ಒಂದು ಟ್ರೇಯನ್ನು ಮಾರಾಟಕ್ಕೆ ಮುಂಚೆಯೇ ತೆಗೆದಿಡುತ್ತೇವೆ. ಒಯ್ಯುವವರು ಹಿಂಬಾಗಿಲಿನಿಂದ ಬಂದು ಒಯ್ಯುತ್ತಾರೆ, ಕೊಟ್ಟವರ ಫೋಟೋ ಇಲ್ಲ.

ಹೀಗೆ ನಡೆದರೆ ವ್ಯಾಪಾರ ಹೆಚ್ಚುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ಕೆಲವು ಗಿರಾಕಿಗಳು ಬಿಟ್ಟುಹೋದರು, ಕೆಲವರು ಉಳಿದರು, ಲಾಭ ನಡುಮಟ್ಟದ್ದು. ಲಾಭಕ್ಕಾಗಿಯೇ ಪ್ರಾಮಾಣಿಕನಾದವನು ನಷ್ಟ ಬಂದ ದಿನ ಅದನ್ನು ಬಿಟ್ಟುಬಿಡುತ್ತಾನೆ. ನೀವು ಶಿಕ್ಷಕರಿರಲಿ, ಗುಮಾಸ್ತರಿರಲಿ, ಆಟೋ ಓಡಿಸುವವರಿರಲಿ, ಆ ಅಧ್ಯಾಯವನ್ನು ನಿಮ್ಮ ಕಸುಬನ್ನು ಎದುರಿಗಿಟ್ಟುಕೊಂಡು ಒಮ್ಮೆ ಓದಿ. ನಿಮ್ಮ ತಕ್ಕಡಿ ಯಾವುದು, ನಿಮ್ಮಿಂದ ಕೂಲಿ ಬರಬೇಕಾದವರು ಯಾರು ಎಂಬುದು ನಿಮಗೇ ಗೊತ್ತಾಗುತ್ತದೆ.